ಚಳಿಗೆ ಸೆಲ್ಫ್ ಎತ್ತದ ಕಾರು: ಬ್ಯಾಟರಿಯ ಬಗ್ಗೆ ಓದುಗರ ಪ್ರಶ್ನೆಗಳು

ಡಿಸೆಂಬರ್ ಹತ್ತಿರ ಬಂದಂತೆ ಈ ಅಂಕಣಕ್ಕೆ ಬ್ಯಾಟರಿಯ ದೂರುಗಳು ಒಂದರ ಹಿಂದೆ ಒಂದು ಬರತೊಡಗುತ್ತವೆ. ಈ ಸಲ ಕೊಡಗಿನಿಂದ ಕೆನಡಾದವರೆಗೆ ಬೇರೆ ಬೇರೆ ಊರುಗಳ ಓದುಗರು ಹೆಚ್ಚುಕಡಿಮೆ ಒಂದೇ ಸಂಗತಿಯನ್ನು ಕೇಳಿರುವುದರಿಂದ ಆ ಪತ್ರಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬೇರೆ ಎಂದು ಹೇಳದ ಕಡೆಯಲ್ಲೆಲ್ಲ ಉತ್ತರಗಳು ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟಿನ ಸೀಸ–ಆಮ್ಲ ಬ್ಯಾಟರಿಗೆ ಸಂಬಂಧಿಸಿದವು.

ಪ್ರಶ್ನೆ: ನಮ್ಮದು ನಾಲ್ಕು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಭಾನುವಾರದ ಸಂತೆಗೆ ಹೋಗಿಬರುವುದನ್ನು ಬಿಟ್ಟರೆ ವಾರವೆಲ್ಲ ಶೆಡ್ಡಿನಲ್ಲೇ ಇರುತ್ತದೆ. ಡಿಸೆಂಬರ್–ಜನವರಿಯ ಬೆಳಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ನಿಧಾನವಾಗಿ ತಿರುಗಿ ನಿಂತುಬಿಡುತ್ತದೆ, ಮಧ್ಯಾಹ್ನವಾದರೆ ಸರಿಯಾಗಿ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಬ್ಯಾಟರಿಗೆ ಗೋಣಿಚೀಲ ಸುತ್ತಿ ಎನ್ನುತ್ತಾರೆ. ಪಕ್ಕದ ತೋಟದವರು ದಿನಾ ಐದು ನಿಮಿಷ ಎಂಜಿನ್ ಓಡಿಸಿ ಎನ್ನುತ್ತಾರೆ. ಯಾರ ಮಾತು ಸರಿ?
— ಓದುಗರೊಬ್ಬರು, ಮಡಿಕೇರಿ

ಉತ್ತರ: ಇಬ್ಬರ ಮಾತೂ ನಿಮ್ಮ ಕಾರಿನ ತೊಂದರೆಗೆ ಪರಿಹಾರವಲ್ಲ. ಮಡಿಕೇರಿಯಲ್ಲಿ ಚಳಿಗಾಲದ ಬೆಳಗ್ಗೆ ಉಷ್ಣಾಂಶ ಹತ್ತು–ಹನ್ನೆರಡು ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬಹುದು. ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹತ್ತು ಡಿಗ್ರಿಯಲ್ಲಿ ಬ್ಯಾಟರಿಯ ಸಾಮರ್ಥ್ಯ ಸುಮಾರು ಹತ್ತನೇ ಒಂದು ಭಾಗದಷ್ಟು ತಗ್ಗುತ್ತದೆ. ಆರೋಗ್ಯವಾಗಿರುವ, ಪೂರ್ತಿ ಚಾರ್ಜ್ ಆಗಿರುವ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ಅಷ್ಟು ಚಳಿಗೇ ಸೆಲ್ಫ್ ಎತ್ತುತ್ತಿಲ್ಲವೆಂದರೆ ಆ ಬ್ಯಾಟರಿ ಮೊದಲೇ ಅರೆಹೊಟ್ಟೆಯಲ್ಲಿದೆ, ಅಥವಾ ಸವೆದುಹೋಗಿದೆ. ಸಾಮಾನ್ಯ ದಿನಗಳಲ್ಲಿ ಮುಚ್ಚಿಹೋಗಿದ್ದ ಈ ಕೊರತೆಯನ್ನು ಚಳಿ ಹೊರಗೆ ತೋರಿಸಿದೆ, ಅಷ್ಟೆ.

ಸವೆಯುವುದು ಯಾವಾಗ ಎಂದರೆ ಬೇಸಿಗೆಯಲ್ಲಿ. ಬಾನೆಟ್ಟಿನ ಕೆಳಗಿನ ಕಾವಿಗೆ ಒಳಗಿನ ಸೀಸದ ಜಾಲರಿ ಬೇಗ ಸವೆಯುತ್ತದೆ, ನೀರು ಆವಿಯಾಗುತ್ತದೆ, ಬಳಸದೆ ಬಿಟ್ಟ ಬ್ಯಾಟರಿ ತನ್ನಷ್ಟಕ್ಕೆ ಖಾಲಿಯಾಗುವ ವೇಗವೂ ಹೆಚ್ಚುತ್ತದೆ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಬ್ಯಾಟರಿಯ ಆಯುಷ್ಯ ಸರಿಸುಮಾರು ಅರ್ಧವಾಗುತ್ತದೆ ಎಂಬುದು ಈ ಕ್ಷೇತ್ರದವರು ಬಳಸುವ ಒರಟು ಲೆಕ್ಕ. ಆದರೆ ಬೇಸಿಗೆಯಲ್ಲಿ ಎಂಜಿನ್ ಆಯಿಲ್ ತೆಳುವಾಗಿರುವುದರಿಂದ ಎಂಜಿನ್ ಸಲೀಸಾಗಿ ತಿರುಗುತ್ತದೆ, ಹಾನಿ ಕಣ್ಣಿಗೆ ಬೀಳುವುದಿಲ್ಲ. ಚಳಿಗಾಲದ ಬೆಳಗ್ಗೆ ಅದೇ ಆಯಿಲ್ ಶೀಸೆಯಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಹಾಗೆ ಬಿಗಿಯುವುದರಿಂದ ಸ್ಟಾರ್ಟರ್ ಮೋಟಾರಿಗೆ ಹೆಚ್ಚು ಕರೆಂಟ್ ಬೇಕಾಗುತ್ತದೆ; ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯೋ ಅದೇ ಹೊತ್ತಿಗೆ ನಿಧಾನವಾಗಿರುತ್ತದೆ. ಒಂದು ಕಡೆ ಬೇಡಿಕೆ ಏರಿ ಇನ್ನೊಂದು ಕಡೆ ಪೂರೈಕೆ ಇಳಿದಾಗ, ಬೇಸಿಗೆಯಲ್ಲಿ ಸವೆದ ಬ್ಯಾಟರಿ ಕೈಕೊಡುತ್ತದೆ.

ಇನ್ನು ನಿಮ್ಮ ಓಡಾಟದ ಲೆಕ್ಕಕ್ಕೆ ಬರೋಣ. ಕಾರು ನಿಂತಿದ್ದರೂ ಗಡಿಯಾರ, ರಿಮೋಟ್ ಲಾಕ್, ಅಲಾರಂ ಮೊದಲಾದವು ಸದಾ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. ಅದು 30 ಮಿಲಿ ಆಂಪಿಯರ್ ಎಂದು ಹಿಡಿದರೆ ವಾರಕ್ಕೆ ಸುಮಾರು 5 ಆಂಪಿಯರ್-ಗಂಟೆ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಖರ್ಚಾಗುವಷ್ಟು ಚಾರ್ಜ್ ಒಂದು ಆಂಪಿಯರ್-ಗಂಟೆ) ಸೋರುತ್ತದೆ. ಸಣ್ಣ ಪೆಟ್ರೋಲ್ ಕಾರುಗಳ ಬ್ಯಾಟರಿ ಹೆಚ್ಚಾಗಿ 35 ಆಂಪಿಯರ್-ಗಂಟೆಯದಾದ್ದರಿಂದ, ಒಂದು ವಾರದಲ್ಲಿ ಏಳನೇ ಒಂದು ಭಾಗ ಹೋದಂತಾಯಿತು. ಸಂತೆಗೆ ಹದಿನೈದು ನಿಮಿಷ ಹೋಗಿ ಹದಿನೈದು ನಿಮಿಷ ಬಂದರೆ ಅದರಲ್ಲಿ ಒಂದು ಪಾಲು ಮಾತ್ರ ವಾಪಸು ತುಂಬುತ್ತದೆ. ಹೀಗೆ ಬಾಕಿ ಬೆಳೆಯುತ್ತಾ ಹೋಗಿ ಬ್ಯಾಟರಿ ಸದಾ ಅರ್ಧ ಚಾರ್ಜಿನಲ್ಲೇ ಉಳಿದರೆ, ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಕೂರುತ್ತದೆ. ಆ ಹರಳು ತಡವಾಗಿ ಚಾರ್ಜ್ ಮಾಡಿದರೆ ಪೂರ್ತಿಯಾಗಿ ಕರಗುವುದಿಲ್ಲ.

ದಿನಾ ಐದು ನಿಮಿಷ ಎಂಜಿನ್ ಓಡಿಸುವ ಸಲಹೆ ಕೇಳಲು ಚೆನ್ನಾಗಿದ್ದರೂ ಅದರಿಂದ ಆಗುವ ಹಾನಿಯೇ ಹೆಚ್ಚು. ಸೆಲ್ಫ್ ಹೊಡೆಯಲು ಖರ್ಚಾಗುವ ಚಾರ್ಜ್ ಜನ ಊಹಿಸುವಷ್ಟು ದೊಡ್ಡದೇನಲ್ಲ. 150 ಆಂಪಿಯರ್ ಎರಡು ಸೆಕೆಂಡ್ ಹರಿದರೆ ಅದು ಒಂದು ಆಂಪಿಯರ್-ಗಂಟೆಯ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಆದರೆ ನಿಂತಲ್ಲೇ ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಅರೆಮನಸ್ಸಿನಿಂದ ಕೆಲಸ ಮಾಡುತ್ತದೆ, ತಣ್ಣಗಿರುವ ಬ್ಯಾಟರಿಯೂ ಚಾರ್ಜನ್ನು ಬೇಗ ಹೀರಿಕೊಳ್ಳುವುದಿಲ್ಲ. ಐದು ನಿಮಿಷದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದ ಕಾರಣ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ, ಉರಿಯದ ಪೆಟ್ರೋಲ್ ಆಯಿಲಿನೊಳಗೆ ಸೇರುತ್ತದೆ. ಅದರ ಬದಲು ವಾರದ ನಡುವೆ ಒಮ್ಮೆ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿ. ಅಷ್ಟು ಪುರಸತ್ತಿಲ್ಲವೆಂದರೆ ಮನೆಯ ಕರೆಂಟಿಗೆ ಹಾಕುವ, ತಾನೇ ನಿಲ್ಲುವ ಸಣ್ಣ ಚಾರ್ಜರ್ ಕೊಂಡು ತಿಂಗಳಿಗೊಂದೆರಡು ಸಲ ರಾತ್ರಿಯಿಡೀ ಹಾಕಿಬಿಡಿ. ಗೋಣಿಚೀಲದ ವಿಷಯವಾಗಿ ಹೇಳುವುದಾದರೆ, ನಿಂತಿರುವ ಬ್ಯಾಟರಿಗೆ ತನ್ನದೇ ಆದ ಶಾಖವಿಲ್ಲ. ಹೊದಿಕೆ ತಣ್ಣಗಾಗುವುದನ್ನು ಕೊಂಚ ಮುಂದೂಡಬಹುದೇ ಹೊರತು ಬೆಳಗಿನ ಹೊತ್ತಿಗೆ ಒಳಗೂ ಹೊರಗೂ ಒಂದೇ ಚಳಿ. ಎಂಜಿನ್ ಓಡುವಾಗ ಅದೇ ಚೀಲ ಜಾರಿ ಫ್ಯಾನಿಗೋ ಬೆಲ್ಟಿಗೋ ಸಿಕ್ಕಿಕೊಂಡರೆ ಇನ್ನೊಂದು ಅನಾಹುತ.

ಹೊಸ ಬ್ಯಾಟರಿಗೆ ಹಣ ಕೊಡುವ ಮೊದಲು ಪರೀಕ್ಷೆ ಮಾಡಿಸಿ. ಕಾರು ರಾತ್ರಿಯಿಡೀ ನಿಂತ ಮೇಲೆ, ಬಾಗಿಲು ತೆರೆದಾಗ ಹತ್ತಿದ ದೀಪಗಳು ಆರಿದ ನಂತರ, ಮಲ್ಟಿಮೀಟರನ್ನು ಎರಡು ಟರ್ಮಿನಲ್‌ಗಳಿಗೆ ಇಟ್ಟು ನೋಡಿ. 12.6 ವೋಲ್ಟ್ ಅಥವಾ ಮೇಲಿದ್ದರೆ ಚಾರ್ಜ್ ಪೂರ್ತಿ ಇದೆ, 12.4 ಇದ್ದರೆ ಮುಕ್ಕಾಲು ಪಾಲು, 12.2 ಇದ್ದರೆ ಅರ್ಧ. 12ಕ್ಕೆ ಇಳಿದಿದ್ದರೆ ಕಾಲು ಭಾಗ ಮಾತ್ರ ಉಳಿದಿದೆ ಎಂದರ್ಥ. ಎಂಜಿನ್ ಓಡುವಾಗ ಅದೇ ಮೀಟರು 13.8ರಿಂದ 14.5ರವರೆಗೆ ತೋರಿಸಬೇಕು, ತೋರಿಸದಿದ್ದರೆ ದೋಷ ಆಲ್ಟರ್ನೇಟರಿನಲ್ಲೋ ಬೆಲ್ಟಿನಲ್ಲೋ ಇರುತ್ತದೆ, ಬ್ಯಾಟರಿ ಬದಲಾಯಿಸಿ ಪ್ರಯೋಜನವಿಲ್ಲ. ಕೆಲವು ಹೊಸ ಕಾರುಗಳ ಆಲ್ಟರ್ನೇಟರನ್ನು ಕಂಪ್ಯೂಟರ್ ನಿಯಂತ್ರಿಸುವುದರಿಂದ ಈ ಅಂಕಿ ಹೊತ್ತಿಗೊಂದರಂತೆ ಬದಲಾಗಬಹುದು ಎಂಬುದು ನೆನಪಿರಲಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಎರಡು ದಿನ ಬಿಟ್ಟ ಮೇಲೂ 12.6ರ ಹತ್ತಿರ ನಿಲ್ಲದಿದ್ದರೆ, ಅಥವಾ ಅಂಗಡಿಯ ಲೋಡ್ ಪರೀಕ್ಷೆಯಲ್ಲಿ (ಹೆಚ್ಚು ಕರೆಂಟ್ ಎಳೆದು ವೋಲ್ಟೇಜ್ ಎಷ್ಟು ಇಳಿಯುತ್ತದೆ ಎಂದು ನೋಡುವ ಪರೀಕ್ಷೆ) ಸೋತರೆ, ಆಗ ಬದಲಾಯಿಸಿ. ನಾಲ್ಕು ವರ್ಷದ ಬ್ಯಾಟರಿ ತನ್ನ ಕೆಲಸ ಮುಗಿಸಿದೆ ಎಂದೇ ನನ್ನ ಊಹೆ.

ಟರ್ಮಿನಲ್ ಸುತ್ತ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅದನ್ನೂ ತೆಗೆಯಿರಿ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ, ಒರೆಸಿ, ಕ್ಲಾಂಪ್ ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿದರೆ ಸಾಕು. ಸೋಡಾ ನೀರು ಬ್ಯಾಟರಿಯ ಮುಚ್ಚಳದ ರಂಧ್ರದೊಳಗೆ ಇಳಿಯಬಾರದು. ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರನ್ನಷ್ಟೇ ಹಾಕಬೇಕು. ಮನೆಯ ಫಿಲ್ಟರ್ ನೀರೂ ಬೇಡ, ಶಕ್ತಿ ಬರಲಿ ಎಂದು ಆಸಿಡ್ಡೂ ಬೇಡ.

ಪ್ರಶ್ನೆ: ನಾವು ಡಿಸೆಂಬರಿನಲ್ಲಿ ಆರು ವಾರ ಮೈಸೂರಿಗೆ ಬರುತ್ತಿದ್ದೇವೆ. ಕಾರು ಅಪಾರ್ಟ್‌ಮೆಂಟಿನ ಬಯಲು ಪಾರ್ಕಿಂಗ್‌ನಲ್ಲೇ ನಿಲ್ಲಬೇಕು, ಹತ್ತಿರ ಕರೆಂಟಿನ ವ್ಯವಸ್ಥೆ ಇಲ್ಲ. ಹೋದ ವರ್ಷ ವಾಪಸಾದಾಗ ಬ್ಯಾಟರಿ ಹೆಪ್ಪುಗಟ್ಟಿ ಉಬ್ಬಿಹೋಗಿತ್ತು. ವಿಂಡ್ ಚಿಲ್ ಮೈನಸ್ ನಲವತ್ತಕ್ಕೆ ಹೋಗುವ ಊರಿನಲ್ಲಿ ಬ್ಯಾಟರಿ ಬದುಕುವುದಾದರೂ ಹೇಗೆ?
— ಓದುಗರೊಬ್ಬರು, ಮಿನಿಯಾಪೊಲಿಸ್ (ಅಮೆರಿಕ)

ಉತ್ತರ: ಮೊದಲು ಗಾಳಿಯ ಭಯವನ್ನು ಬಿಡಿ. ವಿಂಡ್ ಚಿಲ್ ಎನ್ನುವುದು ಬಿಸಿ ಮೈಯುಳ್ಳ ಮನುಷ್ಯನಿಗೆ ಚಳಿ ಎಷ್ಟು ಅನಿಸುತ್ತದೆ ಎಂಬುದರ ಲೆಕ್ಕ. ಗಾಳಿ ಬೀಸಿದರೆ ಕಾರು ಬೇಗ ತಣ್ಣಗಾಗುತ್ತದೆ, ಆದರೆ ಸುತ್ತಲಿನ ಗಾಳಿಯ ನಿಜವಾದ ಉಷ್ಣಾಂಶಕ್ಕಿಂತ ಕೆಳಗೆ ಎಂದೂ ಹೋಗುವುದಿಲ್ಲ. 2019ರ ಜನವರಿ ಕೊನೆಯಲ್ಲಿ ನಿಮ್ಮ ಊರಿನಲ್ಲಿ ವಿಂಡ್ ಚಿಲ್ ಮೈನಸ್ 45ಕ್ಕೂ ಕೆಳಗೆ ಇಳಿದಿದ್ದಾಗ ಗಾಳಿಯ ಉಷ್ಣಾಂಶ ಮೈನಸ್ 33 ಡಿಗ್ರಿ ಸೆಲ್ಸಿಯಸ್ಸಿನಷ್ಟಿತ್ತು. ಬ್ಯಾಟರಿಗೆ ಮುಖ್ಯವಾಗುವುದು ಈ ಎರಡನೆಯ ಅಂಕಿ.

ಇನ್ನು ಹೆಪ್ಪುಗಟ್ಟುವ ವಿಚಾರ. ಬ್ಯಾಟರಿಯೊಳಗಿರುವುದು ನೀರು ಬೆರೆತ ಗಂಧಕಾಮ್ಲ. ಚಾರ್ಜ್ ತುಂಬಿದ್ದಾಗ ಆಮ್ಲವೆಲ್ಲ ದ್ರವದಲ್ಲಿರುತ್ತದೆ. ಚಾರ್ಜ್ ಖಾಲಿಯಾದಂತೆ ಅದರ ಸಲ್ಫೇಟು ಫಲಕಗಳಿಗೆ ಅಂಟಿಕೊಂಡು, ದ್ರವ ಬರಬರುತ್ತ ಬರೀ ನೀರಿಗೆ ಹತ್ತಿರವಾಗುತ್ತದೆ. ಆದ್ದರಿಂದ ಪೂರ್ತಿ ಚಾರ್ಜ್ ಆದ ಬ್ಯಾಟರಿ ಮೈನಸ್ 50ರಲ್ಲಿಯೂ ಹೆಪ್ಪುಗಟ್ಟುವುದಿಲ್ಲ. ಅರ್ಧ ಚಾರ್ಜಿನದು ಸುಮಾರು ಮೈನಸ್ 25ರಲ್ಲಿ ಹೆಪ್ಪುಗಟ್ಟುತ್ತದೆ. ಖಾಲಿಯಾದದ್ದಕ್ಕೆ ಮೈನಸ್ ಎಂಟು–ಹತ್ತು ಡಿಗ್ರಿ ಸಾಕು. ಈಗ ನಿಮ್ಮ ಆರು ವಾರದ ಲೆಕ್ಕ ಹಾಕಿ. 30 ಮಿಲಿ ಆಂಪಿಯರ್ ಸೋರಿಕೆ 42 ದಿನ ನಡೆದರೆ 30 ಆಂಪಿಯರ್-ಗಂಟೆ ಹೋಯಿತು. ನಿಮ್ಮದು 60 ಆಂಪಿಯರ್-ಗಂಟೆಯ ಬ್ಯಾಟರಿಯಾಗಿದ್ದರೆ ಅಲ್ಲಿಗೆ ಸರಿಯಾಗಿ ಅರ್ಧ. ಹೊರಡುವ ದಿನವೇ ಅದು ಮುಕ್ಕಾಲು ಮಾತ್ರ ತುಂಬಿದ್ದಿದ್ದರೆ ಉಳಿಯುವುದು ಕಾಲು. ಹೋದ ವರ್ಷ ಆದದ್ದು ಬಹುಶಃ ಇದೇ.

ಪರಿಹಾರ ಇಷ್ಟೇ: ಹೊರಡುವ ಹಿಂದಿನ ರಾತ್ರಿ ಕರೆಂಟ್ ಸಿಗುವ ಕಡೆ ಚಾರ್ಜರಿನಿಂದ ಪೂರ್ತಿ ತುಂಬಿಸಿ, ಮರುದಿನ ನೆಗೆಟಿವ್ ಕೇಬಲನ್ನು ಕಳಚಿ, ಅದರ ತುದಿ ಟರ್ಮಿನಲ್ಲಿಗೆ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕೆ ಕಟ್ಟಿಬಿಡಿ. ಕಾರು ಎಳೆಯುವ ಕರೆಂಟ್ ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಉಳಿಯುವುದು ಬ್ಯಾಟರಿ ತನ್ನಷ್ಟಕ್ಕೆ ಕಳೆದುಕೊಳ್ಳುವ ಅಲ್ಪ ಚಾರ್ಜ್ ಮಾತ್ರ, ಅದನ್ನು ಚಳಿ ಇನ್ನಷ್ಟು ನಿಧಾನಿಸುತ್ತದೆ. ಅಂದರೆ ತುಂಬಿದ ಬ್ಯಾಟರಿಯನ್ನು ಸಂಪರ್ಕ ತಪ್ಪಿಸಿ ಇಟ್ಟರೆ ಮಿನಿಯಾಪೊಲಿಸ್ಸಿನ ಪಾರ್ಕಿಂಗ್ ಬಯಲು ಅದಕ್ಕೆ ಮೈಸೂರಿನ ಏಪ್ರಿಲ್ ತಿಂಗಳಿಗಿಂತ ಒಳ್ಳೆಯ ಜಾಗ! ಬಹಳ ಮಂದಿ ಇದನ್ನು ನಂಬುವುದಿಲ್ಲ, ಆದರೆ ಸಂಗತಿ ಇರುವುದೇ ಹಾಗೆ.

ಕಳಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ ಎಂಬ ಕ್ರಮವನ್ನು ತಪ್ಪಿಸಬೇಡಿ. ಪಾಸಿಟಿವ್ ಕಡೆ ಕೆಲಸ ಮಾಡುವಾಗ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ರೇಡಿಯೊ, ಕಿಟಕಿಯ ಗಾಜು ಇತ್ಯಾದಿಗಳ ಸೆಟ್ಟಿಂಗ್ ಅಳಿಸಿಹೋಗಬಹುದು, ಕೆಲವು ಕಾರುಗಳಲ್ಲಿ ರೇಡಿಯೊಗೆ ಕೋಡ್ ಕೊಡಬೇಕಾಗುತ್ತದೆ. ಬ್ಯಾಟರಿ ಡಿಕ್ಕಿಯಲ್ಲಿರುವ ಕಾರಾದರೆ ಡಿಕ್ಕಿಯನ್ನು ಕೀಲಿಯಿಂದ ತೆರೆಯಲು ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಒಳಗೆ ಬ್ಯಾಟರಿ, ಹೊರಗೆ ನೀವು. ಬಂದಿಳಿದ ಕೂಡಲೇ ಕಾರು ಸ್ಟಾರ್ಟ್ ಆಗಲೇಬೇಕು ಎಂದಿದ್ದರೆ ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ಇಡುವುದು ಇನ್ನೂ ಒಳ್ಳೆಯದು, ಬೆಚ್ಚಗಿರುವ ಬ್ಯಾಟರಿ ಹೆಚ್ಚು ಕರೆಂಟ್ ಕೊಡುತ್ತದೆ. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿದುಹೋಗುತ್ತದೆ ಎಂಬ ಮಾತು ಮರ ಮತ್ತು ರಬ್ಬರ್ ಕವಚದ ಕಾಲದ್ದು. ಈಗಿನ ಪ್ಲಾಸ್ಟಿಕ್ ಕವಚಕ್ಕೆ ಅದು ಅನ್ವಯಿಸುವುದಿಲ್ಲ. ಮನೆಯೊಳಗೆ ಚಾರ್ಜ್ ಮಾಡುವುದಾದರೆ ಮಲಗುವ ಕೋಣೆ ಬೇಡ, ಒಲೆ ಹತ್ತಿರವೂ ಬೇಡ, ಏಕೆಂದರೆ ಚಾರ್ಜ್ ಆಗುವಾಗ ಜಲಜನಕ ಅನಿಲ ಹೊರಬರುತ್ತದೆ.

ಒಮ್ಮೆ ಹೆಪ್ಪುಗಟ್ಟಿದ ಬ್ಯಾಟರಿಯ ಬಗ್ಗೆ ಒಂದು ಎಚ್ಚರಿಕೆ. ಅದಕ್ಕೆ ಚಾರ್ಜರ್ ಹಾಕುವುದಾಗಲಿ, ಇನ್ನೊಂದು ಕಾರಿನಿಂದ ಜಂಪ್ ಕೊಡುವುದಾಗಲಿ ಖಂಡಿತ ಕೂಡದು, ಸಿಡಿಯುವ ಅಪಾಯವಿದೆ. ಉಬ್ಬಿದ, ಬಿರುಕು ಬಿಟ್ಟ ಬ್ಯಾಟರಿ ಒಳಗಿನ ಹೆಪ್ಪು ಕರಗಿದ ಮೇಲೆ ಸೋರುತ್ತದೆ. ಅದನ್ನು ಕೈಗವಸು ಹಾಕಿಕೊಂಡು ತೆಗೆದು, ಹಳೆಯ ಬ್ಯಾಟರಿ ವಾಪಸು ಪಡೆಯುವ ಅಂಗಡಿಗೆ ಕೊಡುವುದೊಂದೇ ದಾರಿ.

ಪ್ರಶ್ನೆ: ಇಲ್ಲಿನ ಪಾರ್ಕಿಂಗ್ ಜಾಗಗಳಲ್ಲಿ ಕಾರಿಗೆ ವಿದ್ಯುತ್ ಪ್ಲಗ್ ಹಾಕುತ್ತಾರೆ. ಅದರಿಂದ ಬ್ಯಾಟರಿ ಚಾರ್ಜ್ ಆಗುತ್ತದೆಯೇ? ನಾನು ಈ ವರ್ಷ ಹಳೆಯ ಕಾರೊಂದನ್ನು ಕೊಂಡಿದ್ದೇನೆ.
— ವಿದ್ಯಾರ್ಥಿನಿ, ವಿನ್ನಿಪೆಗ್ (ಕೆನಡಾ)

ಉತ್ತರ: ಆಗುವುದಿಲ್ಲ. ಆ ಪ್ಲಗ್ಗಿನ ಹಿಂದಿರುವುದು ಬ್ಲಾಕ್ ಹೀಟರ್. ಎಂಜಿನ್ನಿನೊಳಗಿನ ಕೂಲಂಟನ್ನು ಬೆಚ್ಚಗಿಡುವುದು ಅದರ ಕೆಲಸ. ಎಂಜಿನ್ ಬೆಚ್ಚಗಿದ್ದರೆ ಆಯಿಲ್ ಹರಿಯುತ್ತದೆ, ಸ್ಟಾರ್ಟರಿನ ಹೊರೆ ಇಳಿಯುತ್ತದೆ, ಬ್ಯಾಟರಿಗೆ ಸಿಗುವ ಲಾಭ ಅಷ್ಟು ಮಾತ್ರ. ಆದರೂ ಆ ಲಾಭ ಸಣ್ಣದಲ್ಲ: ಮೈನಸ್ 18 ಡಿಗ್ರಿಯಲ್ಲಿ ಬ್ಯಾಟರಿ ತನ್ನ ಶಕ್ತಿಯ ಅರ್ಧದಷ್ಟನ್ನು ಮಾತ್ರ ಕೊಡಬಲ್ಲದು, ಎಂಜಿನ್ ಕೇಳುವುದೋ ಮಾಮೂಲಿನ ಸುಮಾರು ಎರಡು ಪಟ್ಟು. ರಾತ್ರಿಯಿಡೀ ಹಾಕುವ ಅಗತ್ಯವಿಲ್ಲ; ಹೊರಡುವುದಕ್ಕೆ ಮೂರು–ನಾಲ್ಕು ಗಂಟೆ ಮೊದಲು ಟೈಮರ್ ಚಾಲೂ ಆಗುವಂತೆ ಇಟ್ಟರೆ ಸಾಕು. ಹಳೆಯ ಕಾರಾದ್ದರಿಂದ ಹೀಟರ್ ಕೆಲಸ ಮಾಡುತ್ತಿದೆಯೇ, ವೈರು ಎಲ್ಲಿಯಾದರೂ ಸುಲಿದಿದೆಯೇ ಎಂದು ಮೊದಲು ತೋರಿಸಿಕೊಳ್ಳಿ. ಬ್ಯಾಟರಿಯನ್ನೇ ಬೆಚ್ಚಗಿಡಬೇಕೆಂದರೆ ಅದಕ್ಕೆಂದೇ ವಿದ್ಯುತ್ ಹೊದಿಕೆಗಳು ಪ್ರತ್ಯೇಕವಾಗಿ ಸಿಗುತ್ತವೆ.

ಬ್ಯಾಟರಿ ಕೊಳ್ಳುವಾಗ ಆಂಪಿಯರ್-ಗಂಟೆಯ ಜೊತೆಗೆ ಸಿ.ಸಿ.ಎ. (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್) ಎಂಬ ಅಂಕಿಯನ್ನೂ ನೋಡಿ. ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡ್ ಕಾಲ ವೋಲ್ಟೇಜ್ 7.2ಕ್ಕಿಂತ ಕೆಳಗೆ ಇಳಿಯದಂತೆ ಬ್ಯಾಟರಿ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದನ್ನು ಅಮೆರಿಕ–ಕೆನಡಾಗಳಲ್ಲಿ ಬಳಕೆಯಲ್ಲಿರುವ ಈ ಅಂಕಿ ಹೇಳುತ್ತದೆ. ಕಾರಿನ ಕೈಪಿಡಿ ಕೇಳುವುದಕ್ಕಿಂತ ಕಡಿಮೆಯದನ್ನು ಹಾಕಿಸಬೇಡಿ.

ಪ್ರಶ್ನೆ: ನಾವು ಐದು ಮಂದಿ ಗೆಳೆಯರು ಅಕ್ಟೋಬರ್ ಕೊನೆಯಲ್ಲಿ ಡೀಸೆಲ್ ಎಸ್.ಯು.ವಿ.ಯಲ್ಲಿ ಲೇಹ್‌ಗೆ ಹೋಗುವವರಿದ್ದೇವೆ. ಬ್ಯಾಟರಿಗೆ ಮೂರು ವರ್ಷವಾಗಿದೆ, ಈವರೆಗೆ ಯಾವ ತಕರಾರೂ ಇಲ್ಲ. ಅಲ್ಲಿ ಚಳಿಗೆ ಗಾಡಿ ನಿಂತರೆ ತಳ್ಳಿ ಸ್ಟಾರ್ಟ್ ಮಾಡಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹುಬ್ಬಳ್ಳಿಯಲ್ಲಿ ತಕರಾರಿಲ್ಲ ಎಂಬುದು ಲೇಹ್‌ನಲ್ಲಿ ಸಾಕ್ಷಿಯಾಗುವುದಿಲ್ಲ. ಮೂರು ಬೇಸಿಗೆ ಕಂಡ ಬ್ಯಾಟರಿಯನ್ನು ಹೊರಡುವುದಕ್ಕೆ ಎರಡು ವಾರ ಮೊದಲು ಲೋಡ್ ಪರೀಕ್ಷೆ ಮಾಡಿಸಿ. ಫಲಿತಾಂಶ ಅಂಚಿನಲ್ಲಿದೆ ಎಂದಾದರೆ ಇಲ್ಲೇ ಬದಲಾಯಿಸಿಕೊಳ್ಳಿ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅಕ್ಟೋಬರ್ ಕೊನೆಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಇನ್ನೂ ಎತ್ತರದ ಹಳ್ಳಿಗಳಲ್ಲಿ ತಂಗಿದರೆ ಮತ್ತಷ್ಟು ಕೆಳಗೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ, ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ತಣ್ಣನೆಯ ಎಂಜಿನ್ನಿನಲ್ಲಿ ಆ ಬಿಸಿಯನ್ನು ಲೋಹವೇ ಹೀರಿಕೊಳ್ಳುವುದರಿಂದ ಹೆಚ್ಚು ಹೊತ್ತು, ಹೆಚ್ಚು ವೇಗವಾಗಿ ತಿರುಗಿಸಬೇಕಾಗುತ್ತದೆ, ಸ್ಟಾರ್ಟ್ ಮಾಡುವ ಮೊದಲು ಎಂಜಿನ್ನಿನ ಒಳಭಾಗವನ್ನು ಬಿಸಿ ಮಾಡುವ ಗ್ಲೋ ಪ್ಲಗ್ಗುಗಳೂ ಅದೇ ಬ್ಯಾಟರಿಯಿಂದ ಕರೆಂಟ್ ಎಳೆಯುತ್ತವೆ. ಆದ್ದರಿಂದಲೇ ಚಳಿಯಲ್ಲಿ ಪೆಟ್ರೋಲ್ ಗಾಡಿಗಿಂತ ಡೀಸೆಲ್ ಗಾಡಿಯ ಬ್ಯಾಟರಿಗೆ ಕಷ್ಟ ಜಾಸ್ತಿ.

ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಎ.ಸಿ., ಬ್ಲೋವರ್, ಹೆಡ್‌ಲೈಟ್, ಫೋನ್ ಚಾರ್ಜರ್ ಎಲ್ಲವನ್ನೂ ಆಫ್ ಮಾಡಿರಿ. ಕೀಲಿ ಆನ್ ಮಾಡಿ ಡ್ಯಾಶ್‌ಬೋರ್ಡಿನಲ್ಲಿ ಗ್ಲೋ ಪ್ಲಗ್ಗಿನ ಸುರುಳಿ ಆಕಾರದ ದೀಪ ಆರುವವರೆಗೆ ಕಾಯಿರಿ, ಚಳಿ ಜೋರಾಗಿದ್ದರೆ ಅದನ್ನೇ ಇನ್ನೊಮ್ಮೆ ಮಾಡಿ. ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿದರೆ ಗೇರ್‌ಬಾಕ್ಸಿನ ಗಟ್ಟಿ ಆಯಿಲನ್ನು ತಿರುಗಿಸುವ ಹೊರೆ ಸ್ಟಾರ್ಟರಿಗೆ ತಪ್ಪುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ನಡುವೆ ಒಂದು ನಿಮಿಷ ಬಿಡಿ, ಬ್ಯಾಟರಿಗೂ ಸ್ಟಾರ್ಟರಿಗೂ ಆ ಬಿಡುವು ಬೇಕು. ಸಂಜೆ ನಿಲ್ಲಿಸುವಾಗ ಬೆಳಗಿನ ಬಿಸಿಲು ಬಾನೆಟ್ಟಿಗೆ ಬೀಳುವಂತೆ ನಿಲ್ಲಿಸಿದರೆ, ತೊಂದರೆಯಾದ ದಿನ ಎರಡು ಗಂಟೆ ಕಾದು ನೋಡುವ ಅವಕಾಶವಾದರೂ ಇರುತ್ತದೆ. ಎಂಜಿನ್ನಿನ ಕೆಳಗೆ ಬೆಂಕಿ ಹಾಕಿಯೋ ಸ್ಟೌ ಇಟ್ಟೋ ಬಿಸಿ ಮಾಡುವ ಪದ್ಧತಿಯನ್ನು ಬೆಟ್ಟದ ರಸ್ತೆಗಳಲ್ಲಿ ನೀವು ನೋಡಿದರೂ ಅನುಸರಿಸಬೇಡಿ. ಡೀಸೆಲ್ ಪೈಪುಗಳು, ವೈರುಗಳು, ಪ್ಲಾಸ್ಟಿಕ್ ಭಾಗಗಳು ಎಲ್ಲವೂ ಅಲ್ಲೇ ಇವೆ.

ತಳ್ಳಿ ಸ್ಟಾರ್ಟ್ ಮಾಡುವುದು ಹಳೆಯ ಡೀಸೆಲ್ ಜೀಪುಗಳಿಗೆ ಸರಿಯಿತ್ತು. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ತೆರೆಯುವುದು ಕಂಪ್ಯೂಟರ್. ಅದಕ್ಕೆ ವೋಲ್ಟೇಜ್ ಸಿಗದಿದ್ದರೆ ಐವರಲ್ಲ, ಐವತ್ತು ಮಂದಿ ತಳ್ಳಿದರೂ ಗಾಡಿ ಹೊತ್ತಿಕೊಳ್ಳುವುದಿಲ್ಲ. ಸ್ಟಾರ್ಟರ್ ತಿರುಗಿಸುವಷ್ಟು ಇಲ್ಲದಿದ್ದರೂ ಡ್ಯಾಶ್‌ಬೋರ್ಡ್ ದೀಪಗಳು ಚೆನ್ನಾಗಿ ಉರಿಯುವಷ್ಟು ಚಾರ್ಜ್ ಉಳಿದಿದ್ದರೆ ಮ್ಯಾನ್ಯುಯಲ್ ಗೇರಿನ ಗಾಡಿಯಲ್ಲಿ ಪ್ರಯತ್ನಿಸಬಹುದು, ಆದರೆ ಆ ಎತ್ತರದಲ್ಲಿ ತಳ್ಳುವವರ ಉಸಿರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಒಳ್ಳೆಯ ದಪ್ಪ ತಂತಿಯ ಜಂಪ್ ಕೇಬಲ್ ಜೊತೆಗಿಟ್ಟುಕೊಳ್ಳಿ. ಇನ್ನೊಂದು ಕಾರಿಲ್ಲದೆ ಜಂಪ್ ಕೊಡಬಲ್ಲ ಬೂಸ್ಟರ್ ಪ್ಯಾಕ್ ಒಯ್ಯುವುದಾದರೆ ರಾತ್ರಿ ಅದನ್ನು ಕಾರಿನಲ್ಲಿ ಬಿಡದೆ ಕೋಣೆಯೊಳಗೆ ತನ್ನಿ, ಚಳಿಗೆ ಅದೂ ಸೊರಗುತ್ತದೆ.

ಸ್ಟಾರ್ಟರ್ ಚುರುಕಾಗಿ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಶಪಿಸಬೇಡಿ. ಮೈದಾನದಲ್ಲಿ ತುಂಬಿಸಿದ ಡೀಸೆಲ್‌ನಲ್ಲಿ ಚಳಿಗೆ ಮೇಣ ಕಟ್ಟಿ ಫಿಲ್ಟರ್ ಮುಚ್ಚಿರುವ ಸಾಧ್ಯತೆ ಹೆಚ್ಚು. ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಲಡಾಖಿಗೆಂದೇ ಬಿಡುಗಡೆ ಮಾಡಿತು. ಅಲ್ಲಿನ ಬಂಕುಗಳಲ್ಲಿ ವಿಚಾರಿಸಿ ತುಂಬಿಸಿಕೊಳ್ಳಿ.

ಪ್ರಶ್ನೆ: ಚಳಿಗೆ ಸ್ಟಾರ್ಟ್ ಆಗದ ಕಾರಿನ ಬ್ಯಾಟರಿಯ ಮೇಲೆ ಬಿಸಿನೀರು ಸುರಿದರೆ ಸರಿಹೋಗುತ್ತದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಬೇಡ. ಆರೇಳು ಲೀಟರ್ ಬಿಸಿನೀರು ಹದಿನೈದು ಕಿಲೋ ತೂಕದ ಸೀಸದ ಪೆಟ್ಟಿಗೆಯ ಒಳಭಾಗವನ್ನು ಬೆಚ್ಚಗಾಗಿಸುವುದಿಲ್ಲ. ಕವಚ ಬಿರಿಯಬಹುದು, ಸುತ್ತಲಿನ ಫ್ಯೂಸುಗಳಿಗೆ ನೀರು ಇಳಿಯಬಹುದು. ಬಿಸಿನೀರಿನಿಂದ ಅಪರೂಪಕ್ಕೆ ಕಾರು ಸ್ಟಾರ್ಟ್ ಆಗಿದೆಯೆಂದರೆ ಟರ್ಮಿನಲ್ಲಿಗೆ ಕಟ್ಟಿದ್ದ ಪುಡಿ ಕರಗಿ ಸಂಪರ್ಕ ಕೂಡಿಕೊಂಡಿರುತ್ತದೆ. ಅದನ್ನು ಬ್ರಷ್ಷಿನಿಂದ ಮಾಡುವುದು ಲೇಸು.

ಪ್ರಶ್ನೆ: ಬೆಂಗಳೂರಿನಿಂದ ಶಿಮ್ಲಾಕ್ಕೆ ವರ್ಗವಾಗಿದೆ, ಎಲೆಕ್ಟ್ರಿಕ್ ಕಾರನ್ನು ಕೊಂಡೊಯ್ಯುತ್ತಿದ್ದೇನೆ. ಇದರಲ್ಲಿ ಸ್ಟಾರ್ಟರ್ ಮೋಟಾರೇ ಇಲ್ಲವಾದ್ದರಿಂದ ಈ ತಾಪತ್ರಯ ಇರುವುದಿಲ್ಲ ತಾನೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸ್ಟಾರ್ಟರ್ ಇಲ್ಲ, ಆದರೆ 12 ವೋಲ್ಟಿನ ಸಣ್ಣ ಬ್ಯಾಟರಿ ನಿಮ್ಮ ಕಾರಿನಲ್ಲೂ ಇದೆ. ಬಾಗಿಲು, ದೀಪ, ಕಂಪ್ಯೂಟರುಗಳು, ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಸ್ವಿಚ್ಚುಗಳು ಎಲ್ಲವೂ ನಡೆಯುವುದು ಅದರಿಂದ. ಅದು ಡೌನ್ ಆದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. ಅದಕ್ಕೆ ನೂರಾರು ಆಂಪಿಯರ್ ಕೊಡುವ ಕೆಲಸವಿಲ್ಲದ ಕಾರಣ ಸೊರಗುತ್ತಿರುವ ಸೂಚನೆಯೂ ಮೊದಲೇ ಕಾಣುವುದಿಲ್ಲ. ಮೂರು ವರ್ಷ ಕಳೆದ ಮೇಲೆ ಪ್ರತಿ ಸರ್ವಿಸಿನಲ್ಲಿ ಅದನ್ನು ಪರೀಕ್ಷಿಸಲು ನೀವೇ ಕೇಳಬೇಕು.

ದೊಡ್ಡ ಲಿಥಿಯಂ ಅಯಾನ್ ಬ್ಯಾಟರಿಯ ವಿಷಯ ಬೇರೆ. ಚಳಿಯಲ್ಲಿ ಅದರ ಮೈಲೇಜ್ ಇಳಿಯುತ್ತದೆ, ಕ್ಯಾಬಿನ್ ಹೀಟರ್ ಅದನ್ನು ಇನ್ನಷ್ಟು ಇಳಿಸುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗಿನ ಉಷ್ಣಾಂಶದಲ್ಲಿ ವೇಗವಾಗಿ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಲೇಪಗೊಂಡು ಬ್ಯಾಟರಿಗೆ ಕಾಯಂ ಹಾನಿಯಾಗುತ್ತದೆ. ಅದನ್ನು ತಡೆಯಲು ಕಾರಿನ ವ್ಯವಸ್ಥೆಯೇ ಚಾರ್ಜಿಂಗ್ ವೇಗವನ್ನು ಕುಗ್ಗಿಸುತ್ತದೆ, ಬ್ರೇಕ್ ಹಾಕಿದಾಗ ವಾಪಸು ಬರುವ ಶಕ್ತಿಯನ್ನೂ ಕಡಿಮೆ ಮಾಡುತ್ತದೆ. ಶಿಮ್ಲಾದ ಇಳಿಜಾರಿನಲ್ಲಿ ಬೆಳಗ್ಗೆ ಮೊದಲ ಕೆಲವು ಕಿಲೋಮೀಟರ್ ಮೋಟಾರಿನ ಹಿಡಿತ ಬೆಂಗಳೂರಿನಷ್ಟು ಇರುವುದಿಲ್ಲ ಎಂದು ತಿಳಿದೇ ಬ್ರೇಕ್ ಬಳಸಿ. ಸಂಜೆ ಓಡಿಸಿ ಬಂದು ಬ್ಯಾಟರಿ ಇನ್ನೂ ಬೆಚ್ಚಗಿರುವಾಗಲೇ ಚಾರ್ಜಿಗೆ ಹಾಕುವುದು ಅಲ್ಲಿಗೆ ಒಳ್ಳೆಯ ಅಭ್ಯಾಸ.

ಪ್ರಶ್ನೆ: ಜಂಪ್ ಕೇಬಲ್ ಹಾಕುವ ಕ್ರಮವನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಸರಿಯಾದದ್ದು ಯಾವುದು? ಕೊನೆಯ ಕ್ಲಿಪ್ಪನ್ನು ಬ್ಯಾಟರಿಗೆ ಹಾಕಬಾರದು ಎನ್ನುವುದೇಕೆ?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಎರಡೂ ಕಾರುಗಳ ಎಂಜಿನ್ ನಿಲ್ಲಿಸಿ, ಕಾರುಗಳು ಒಂದಕ್ಕೊಂದು ತಾಗದಂತೆ ನೋಡಿಕೊಂಡು, ಕೆಂಪು ಕೇಬಲಿನ ಒಂದು ತುದಿಯನ್ನು ಡೌನ್ ಆದ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದನ್ನು ಸರಿಯಿರುವ ಬ್ಯಾಟರಿಯ ಪಾಸಿಟಿವ್‌ಗೆ ಹಾಕಿ. ಅನಂತರ ಕಪ್ಪು ಕೇಬಲಿನ ಒಂದು ತುದಿಯನ್ನು ಸರಿಯಿರುವ ಬ್ಯಾಟರಿಯ ನೆಗೆಟಿವ್‌ಗೆ ಹಾಕಿ, ಉಳಿದ ಕೊನೆಯ ತುದಿಯನ್ನು ನಿಂತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ಆದಷ್ಟು ದೂರದಲ್ಲಿ ಕಚ್ಚಿಸಿ. ಸರ್ಕ್ಯೂಟ್ ಪೂರ್ತಿಯಾಗುವುದು ಈ ಕೊನೆಯ ಕ್ಲಿಪ್ಪಿನಿಂದಲೇ ಆದ್ದರಿಂದ ಕಿಡಿ ಹಾರುವುದೂ ಅಲ್ಲೇ. ಬ್ಯಾಟರಿಯ ಮೇಲ್ಭಾಗದಲ್ಲಿ ಜಲಜನಕ ನಿಂತಿದ್ದರೆ ಆ ಕಿಡಿ ಅದಕ್ಕೆ ತಗಲಬಾರದು ಎಂಬುದೇ ಈ ಕ್ರಮದ ಉದ್ದೇಶ. ಬ್ಯಾಟರಿ ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇರುವ ಕಾರುಗಳಲ್ಲಿ ಕೇಬಲ್ ಹಾಕಲು ಬಾನೆಟ್ಟಿನ ಕೆಳಗೆ ಪ್ರತ್ಯೇಕ ಟರ್ಮಿನಲ್ ಕೊಟ್ಟಿರುತ್ತಾರೆ, ಕೈಪಿಡಿಯಲ್ಲಿ ಅದರ ಚಿತ್ರವಿರುತ್ತದೆ.

ನೆರವಿನ ಕಾರನ್ನು ಸ್ಟಾರ್ಟ್ ಮಾಡಿ ನಾಲ್ಕೈದು ನಿಮಿಷ ಓಡಲು ಬಿಟ್ಟು, ಆಮೇಲೆ ನಿಂತ ಕಾರಿನ ಸೆಲ್ಫ್ ಹೊಡೆಯಿರಿ. ಚಳಿ ಹೆಚ್ಚಿರುವ ಜಾಗದಲ್ಲಿ ಈ ಕಾಯುವಿಕೆ ಹತ್ತು ನಿಮಿಷವಾದರೂ ಇರಲಿ, ತಣ್ಣನೆಯ ಬ್ಯಾಟರಿ ಚಾರ್ಜನ್ನು ನಿಧಾನವಾಗಿ ತೆಗೆದುಕೊಳ್ಳುತ್ತದೆ. ಸ್ಟಾರ್ಟ್ ಆದ ಮೇಲೆ ಹಾಕಿದ ಕ್ರಮಕ್ಕೆ ವಿರುದ್ಧವಾಗಿ, ಅಂದರೆ ಎಂಜಿನ್ನಿಗೆ ಕಚ್ಚಿಸಿದ ಕಪ್ಪು ಕ್ಲಿಪ್ಪಿನಿಂದ ಆರಂಭಿಸಿ, ಒಂದೊಂದಾಗಿ ತೆಗೆಯಿರಿ. ಕ್ಲಿಪ್ಪುಗಳು ಪರಸ್ಪರ ತಾಗದಿರಲಿ. ಲಾರಿ, ಬಸ್ಸುಗಳಲ್ಲಿ 24 ವೋಲ್ಟ್ ಇರುವುದರಿಂದ ಅವುಗಳಿಂದ ಕಾರಿಗೆ ಜಂಪ್ ತೆಗೆದುಕೊಂಡರೆ ಕಾರಿನ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗುತ್ತವೆ. ಘಾಟಿಯಲ್ಲಿ ನಿಂತಾಗ ಒಳ್ಳೆಯ ಮನಸ್ಸಿನ ಲಾರಿ ಚಾಲಕರು ತಾವಾಗಿ ಮುಂದೆ ಬಂದರೂ ನಯವಾಗಿ ಬೇಡವೆನ್ನಿ. ಜಂಪ್ ಪಡೆದ ಕಾರನ್ನು ಅರ್ಧ ಗಂಟೆ ಓಡಿಸಿದ ಮಾತ್ರಕ್ಕೆ ಬ್ಯಾಟರಿ ತುಂಬಿತೆಂದು ತಿಳಿಯಬೇಡಿ, ಅದೇ ರಾತ್ರಿ ಚಾರ್ಜರಿಗೆ ಹಾಕಿ ಮರುದಿನ ಬೆಳಗ್ಗೆ ಮೇಲೆ ಹೇಳಿದ ಮೀಟರ್ ಪರೀಕ್ಷೆ ಮಾಡಿ ನೋಡಿ.